ಸಂಕಪ್ಪನಿಗೆ ಏನು ಇಷ್ಟ

ಸಂಕಪ್ಪ ಬಂಟ್ವಾಳದ ಕಡೆಯವನು. ಎಂಬತ್ತೈದನೇ ಇಸವಿಯಲ್ಲಿ ಒಮಾನಿಗೆ ಬಂದು, ಸೊಹಾರಿನ ಕಡಲ ಬದಿಯ ಹೋಟೆಲೊಂದರ ಊಟದ ಕೋಣೆಯಲ್ಲಿ ಕೆಲಸಕ್ಕೆ ನಿಂತ. ತೊಂಬತ್ತಾರರ ಜನವರಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ, ಮೇಜುಗಳಿಗೆ ಬಟ್ಟೆ ಹಾಸುತ್ತಿದ್ದಾಗ ಅದೇ ಕೋಣೆಯಲ್ಲಿ ಕುಸಿದು ತೀರಿಹೋದ.

ಗುರುವಾರ, ಶುಕ್ರವಾರ ಅಲ್ಲಿ ವಾರದ ರಜೆ. ಮಸ್ಕತ್ತಿನ ಕಂಪನಿಗಳ ದೊರೆಗಳು ಹೆಂಡತಿ ಮಕ್ಕಳೊಂದಿಗೆ ಕರಾವಳಿಯ ರಸ್ತೆ ಹಿಡಿದು ಬರುತ್ತಿದ್ದರು. ಈಜಿ, ಬಿಸಿಲಿಗೆ ಮೈಯೊಡ್ಡಿ, ಸಂಜೆ ಸಮುದ್ರದ ಕಡೆಯ ಮೇಜುಗಳಲ್ಲಿ ಕೂತು ಮೀನು ತಿನ್ನುತ್ತಿದ್ದರು, ವೈನ್ ಕುಡಿಯುತ್ತಿದ್ದರು. ಆ ಮೇಜುಗಳು ಸಂಕಪ್ಪನವು. ಅವನು ಕುಡಿಯುವವನಲ್ಲ. ಬಾಟಲಿಯ ಬಿರಡೆ ತೆಗೆದು ಒಮ್ಮೆ ಮೂಸುತ್ತಿದ್ದ, ಅಷ್ಟೆ. ಆದರೂ ಗಿರಾಕಿಗಳು ಅವನನ್ನೇ ಕೇಳುತ್ತಿದ್ದರು, ನೀನಾದರೆ ಏನು ತಗೊಳ್ಳುತ್ತೀ ಎಂದು. ಅವನು ಕೇಳಿದವರ ಮುಖವನ್ನೊಮ್ಮೆ ನೋಡಿ, ಅವರ ಮನಸ್ಸಿನಲ್ಲಿ ಮೊದಲೇ ಇದ್ದುದನ್ನು ಹೇಳುತ್ತಿದ್ದ. ಒಂದು ಮೇಜಿಗೆ ಸಿಗಡಿ, ಪಕ್ಕದ ಮೇಜಿಗೆ ಕುರಿಯ ತೊಡೆ. ಇಬ್ಬರಿಗೂ ತಮ್ಮ ಆಯ್ಕೆ ಸರಿಯಾಯಿತೆಂಬ ಸಮಾಧಾನ.

ಊರೆಲ್ಲ ರಜೆಯಲ್ಲಿರುವಾಗ ಅವನಿಗೆ ಕೆಲಸ. ಅವನ ರಜೆ ಶನಿವಾರ. ಅಂದು ಮಗಳು ವಿನೋದಾ ಶಾಲೆಗೆ ಹೋದ ಮೇಲೆ ಗಂಡಹೆಂಡತಿ ಟ್ಯಾಕ್ಸಿ ಹಿಡಿದು ತಿರುಗಾಡಲು ಹೋಗುತ್ತಿದ್ದರು. ರುಸ್ತಾಕಿನ ಕೋಟೆ, ಬುರೈಮಿಯ ಅಂಗಡಿಗಳು, ಅಲ್ಲಿ ಒಂದು ಮಲಯಾಳಿ ಹೋಟೆಲು. ಹೆಂಡತಿ ಉಮಾವತಿ ಏನು ಬೇಕೆಂದು ಹೇಳಿದರೆ ಅವನು ಮಾಣಿಗೆ ಎರಡು ಬೆರಳು ತೋರಿಸುತ್ತಿದ್ದ. ಅವಳಿಗೆ ಏನೋ, ಅವನಿಗೂ ಅದೇ.

ಪಕ್ಕದ ಊರು ಸಹಮ್‌ನ ವಾಹನ ಬಿಡಿಭಾಗಗಳ ಅಂಗಡಿಯಲ್ಲಿದ್ದ ಕೊಗ್ಗ ಅವನ ಗೆಳೆಯ. ಹೆಣದ ಪೆಟ್ಟಿಗೆಯನ್ನು ವಿಮಾನಕ್ಕೆ ಏರಿಸಿದವನು ಅವನೇ. ಉಮಾವತಿ ಜೊತೆಗೆ ಹೋಗಿ, ಊರಿನಲ್ಲಿ ಉತ್ತರಕ್ರಿಯೆಯ ಬೊಜ್ಜ ಮುಗಿಸಿ, ಮಗಳ ಹತ್ತನೇ ತರಗತಿಯ ಪರೀಕ್ಷೆಗೆಂದು ಮರಳಿ ಬಂದಳು. ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ವೀಸಾ ಕೊಟ್ಟ ಕಫೀಲ್ ಒಪ್ಪಿದ್ದ. ಪರೀಕ್ಷೆ ಮುಗಿಯಿತು. ಮನೆ ಬಿಡುವ ಮೊದಲು, ಗಂಡ ಬದುಕಿದ ಆ ಎರಡು ಕೋಣೆಯ ಮನೆಯಲ್ಲಿ ಅವನಿಗೊಮ್ಮೆ ಬಡಿಸಬೇಕೆಂದು ಅವಳ ಆಸೆ. ಸತ್ತವರಿಗೆ ಇಷ್ಟವಾದುದನ್ನೆಲ್ಲ ಅಡುಗೆ ಮಾಡಿ, ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ಅವರ ಪದ್ಧತಿ. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಉಣ್ಣುವವರ ಮೇಲೆ ಒಮ್ಮೆಲೇ ನುಗ್ಗಬಾರದು.

ಬಡಿಸುವ ಹಿಂದಿನ ದಿನ ಕೊಗ್ಗ ಸಾಮಾನು ಏನು ತರಲಿ ಎಂದು ಕೇಳಲು ಹೋದ. ಉಮಾವತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು.

“ಕೊಗ್ಗಣ್ಣ, ಇವರಿಗೆ ಏನು ಇಷ್ಟ ಇತ್ತು?”

“ಎಂಥ ಉಮಕ್ಕ, ಬಂಗುಡೆ ಮೀನಿನ ಪುಳಿಮುಂಚಿ ಅಲ್ವಾ?”

“ಅದು ನಿಮಗೆ ಇಷ್ಟ. ನೀವು ಬರುವ ದಿನ ಮಾತ್ರ ತರ್ತಿದ್ರು.”

ಒಳಗಿನಿಂದ ವಿನೋದಾ, ಡ್ಯಾಡಿಗೆ ಐಸ್‌ಕ್ರೀಮ್ ಅಂದರೆ ಪ್ರಾಣ ಎಂದಳು. ತಾಯಿ ಆ ಕಡೆ ತಿರುಗದೆ, ನೀನು ತಿಂದು ಬಿಟ್ಟ ಅರ್ಧ, ಕರಗಿದ ಮೇಲೆ ಅವರಿಗೆ ಸಿಗ್ತಿದ್ದದ್ದು ಎಂದಳು. ಊರಿನ ಬೊಜ್ಜದಲ್ಲಿ ಭಾವಂದಿರು ಸತ್ತವರೆಲ್ಲರಿಗೂ ಬಡಿಸುವುದನ್ನೇ ಬಡಿಸಿದ್ದರಂತೆ. ಅಲ್ಲಿಯೂ ಅವಳಿಗೆ ಬಾಯಿ ತೆರೆಯಲು ಆಗಲಿಲ್ಲವಂತೆ. ಗೊತ್ತಿದ್ದರಲ್ಲವೇ ಹೇಳುವುದು.

ಅದನ್ನೇ ಕೇಳಲು ಕೊಗ್ಗ ಹೋಟೆಲಿಗೆ ಹೋದ. ಅಂದು ಗುರುವಾರ. ಹೊರಗೆ ಕಾರುಗಳ ಸಾಲು, ಒಳಗೆ ಸಂಕಪ್ಪನ ಮೇಜುಗಳಲ್ಲಿ ಬೇರೊಬ್ಬ. ಹಿಂಬಾಗಿಲಲ್ಲಿ ಸಿಕ್ಕಿದ ಅಡುಗೆಯ ಸಲಾಂ, ನನ್ನ ಮಟನ್ ಸುಕ್ಕ, ಮತ್ತೆಂಥದು, ಎಂದ. ಉಪ್ಪಿನಂಗಡಿಯ ಸಲಾಮನಿಗೆ ತನ್ನ ಸುಕ್ಕದ ಮೇಲೆ ಬಹಳ ಅಭಿಮಾನ. ಊಟದ ಕೋಣೆಯ ಮ್ಯಾನೇಜರ್ ಬಾಸಿಲ್ ಮಂಗಳೂರಿನವನು. ಅವನು ತಡಮಾಡದೆ ಕ್ಯಾರಮೆಲ್ ಕಸ್ಟರ್ಡ್ ಎಂದ. ತಾನು ತಿನ್ನುವಾಗೆಲ್ಲ ಸಂಕಪ್ಪ ಎದುರು ನಿಂತು ಅದನ್ನು ಹೊಗಳುತ್ತಿದ್ದನಂತೆ.

“ಅವ ತಿಂದದ್ದು ನೋಡಿದ್ದೀರಾ?” ಕೊಗ್ಗ ಕೇಳಿದ.

ಬಾಸಿಲ್ ಯೋಚಿಸಿದ. ತಟ್ಟೆಗಳನ್ನು ಹೊತ್ತವರು ಇಬ್ಬರ ನಡುವೆ ಹಾದುಹೋದರು.

“ಇಲ್ಲ ಮಾರಾಯ,” ಎಂದ. “ನಿಂತುಕೊಂಡು ಏನೋ ತಿಂತಿದ್ದ. ಏನಂತ ನೋಡ್ಲಿಲ್ಲ.”

ವಾಪಸು ಬರುವಾಗ ಕೊಗ್ಗನಿಗೆ ಅಳು ಬರಲಿಲ್ಲ. ಕಣ್ಣು ರಸ್ತೆಯ ಮೇಲಿತ್ತು, ಕೈ ಸ್ಟಿಯರಿಂಗ್ ಮೇಲಿತ್ತು. ಇಷ್ಟು ವರ್ಷ ಸಂಕಪ್ಪ ತನ್ನ ತಟ್ಟೆಯ ಮೀನನ್ನು ಕೊಗ್ಗನ ತಟ್ಟೆಗೆ ದಾಟಿಸಿದ್ದ, ನನಗೆ ಹೊಟ್ಟೆ ತುಂಬಿತು ಎನ್ನುತ್ತ. ಇವನು ತಿಂದಿದ್ದ. ಅದನ್ನು ಉಮಾವತಿಗೆ ಹೇಗೆ ಹೇಳುವುದೆಂದು ತಿಳಿಯದೆ, ಹೋಟೆಲಿನಲ್ಲಿ ಅವರವರು ಹೇಳಿದ್ದನ್ನು ಮಾತ್ರ ಹೇಳಿದ.

ಅವಳು ಎಲ್ಲ ಕೇಳಿಸಿಕೊಂಡಳು. “ಎಲ್ಲ ಮಾಡುವ,” ಎಂದಳು. “ಇವರು ಎಲ್ಲರಿಗೂ ಕೇಳಿ ಕೇಳಿ ಬಡಿಸಿದ್ದಲ್ವಾ. ಇವರಿಗೂ ಎಲ್ಲ ಇಡುವ. ಯಾವುದು ಬೇಕೋ ತಗೊಳ್ಳಲಿ.”

ಮರುದಿನ ಶುಕ್ರವಾರ. ಸಹಮ್‌ನ ತೋಟದಿಂದ ಕೊಗ್ಗ ಬಾಳೆ ಎಲೆ ತಂದ. ಸಲಾಂ ಸುಕ್ಕ ಕಳಿಸಿಕೊಟ್ಟ. ಬಾಸಿಲ್ ಕಸ್ಟರ್ಡ್ ಹಿಡಿದು ತಾನೇ ಬಂದ, ತನ್ನ ಮನೆಯಲ್ಲಿದ್ದ ಬಿಳಿ ವೈನ್ ಬಾಟಲಿಯನ್ನೂ ತಂದ. ಕುಡಿಯದವನಿಗೆ ಇದು ಬೇಕೋ ಬೇಡವೋ ಎಂದು ಬಾಗಿಲಲ್ಲೇ ನಿಂತು ಅನುಮಾನಿಸಿದ. ಮೂಸಲಿ, ಇಡಿ, ಎಂದಳು ಉಮಾವತಿ. ಕುಚ್ಚಲಕ್ಕಿ ಅನ್ನ, ಬಂಗುಡೆ, ಸುಕ್ಕ, ಸೌತೆಕಾಯಿ ಹುಳಿ, ಉಪ್ಪಿನಕಾಯಿ, ಬಟ್ಟಲುಗಳಲ್ಲಿ ಕಸ್ಟರ್ಡ್, ಐಸ್‌ಕ್ರೀಮ್. ಎಲೆಯಲ್ಲಿ ಜಾಗ ಸಾಲದೆ ಇನ್ನೊಂದು ಎಲೆ ಹಾಕಬೇಕಾಯಿತು. ಒಂದು ಲೋಟದಲ್ಲಿ ನೀರು, ಇನ್ನೊಂದರಲ್ಲಿ ವೈನ್ ಇಟ್ಟು ಬಾಗಿಲು ಮುಚ್ಚಿದರು.

ನಾಲ್ವರೂ ಹೊರಗಿನ ಕೋಣೆಯಲ್ಲಿ ಕೂತರು. ಎ.ಸಿ. ಗುರುಗುಟ್ಟುತ್ತಿತ್ತು. ವಿನೋದಾ ಉಗುರು ಕಚ್ಚುತ್ತಿದ್ದಳು. ಬಹಳ ಹೊತ್ತಾದ ಮೇಲೆ ಕೊಗ್ಗ ಕೆಮ್ಮಿ ಬಾಗಿಲು ತಟ್ಟಿದ.

ಉಮಾವತಿ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೆಲವರಿಗೆ ಸತ್ತವರು ಬಂದು ಉಂಡ ಗುರುತು ಕಾಣುತ್ತದಂತೆ, ಅನ್ನದಲ್ಲಿ ಬೆರಳಿನ ಗೀರು, ಸರಿದ ತುಣುಕು. ಅವಳು ಒಂದೊಂದನ್ನೂ ಬಗ್ಗಿ ನೋಡಿದಳು. ಬಂಗುಡೆ ಇಟ್ಟ ಹಾಗೆಯೇ ಇತ್ತು. ಸುಕ್ಕ ಹಾಗೆಯೇ ಇತ್ತು. ಐಸ್‌ಕ್ರೀಮ್ ಕರಗಿ ನೀರಾಗಿತ್ತು, ಅದು ತಾನಾಗಿ ಕರಗುವಂಥದ್ದೇ. ವೈನ್ ಕೂಡ ಅಷ್ಟೇ ಇತ್ತು.

ಅವಳು ಸೆರಗು ಸಿಕ್ಕಿಸಿಕೊಂಡು ಎಲೆಯ ಎದುರಿಗೆ ಸರಿಯಾಗಿ ಕೂತಳು. ಗಂಡನಿಗೆ ಬಡಿಸಿದ್ದನ್ನು ಮನೆಯವರು ಉಣ್ಣಬೇಕು. ಎಲ್ಲಿಂದ ಶುರುಮಾಡುವುದೆಂದು ಅವಳ ಕೈ ಒಂದು ಕ್ಷಣ ಎಲೆಯ ಮೇಲೆ ತಡೆಯಿತು. ಆಮೇಲೆ ಎಡತುದಿಯ ಉಪ್ಪಿನಕಾಯಿಯಿಂದ ಹಿಡಿದು, ಸಾಲಾಗಿ, ಒಂದನ್ನೂ ಬಿಡದೆ ಉಣ್ಣತೊಡಗಿದಳು.