ತೌಡು ಕೊಟ್ಟು ತಂದವಳು

ನಮ್ಮ ಕಡೆ ತೌಡು ಕೊಟ್ಟು ತಂದದ್ದು ಎಂದು ಹೇಳಿಸಿಕೊಳ್ಳದ ಮಕ್ಕಳಿಲ್ಲ. ನನಗೂ ಹೇಳಿದ್ದರು. ಮನೆಯಲ್ಲಿ ಕಪ್ಪು ಬಣ್ಣದವಳು ನಾನೊಬ್ಬಳೇ, ಹಾಗಾಗಿ ಚಿಕ್ಕಪ್ಪಂದಿರಿಗೆ ಸಾಕ್ಷಿಯೂ ಸಿಕ್ಕಿತ್ತು. ಹೆಂಗಸೊಬ್ಬಳು ಬುಟ್ಟಿಯಲ್ಲಿ ಮಕ್ಕಳನ್ನು ಮಾರಿಕೊಂಡು ಬಂದಿದ್ದಳಂತೆ, ಇವರು ಒಂದು ಸೇರು ತೌಡು ಕೊಟ್ಟು ನನ್ನನ್ನು ಇಳಿಸಿಕೊಂಡರಂತೆ. ನಾನು ಅತ್ತು ಕರೆದು ಅಮ್ಮನ ಹತ್ತಿರ ಓಡಿ, ಅವಳು "ಸುಳ್ಳು ಅದು, ಹೋಗು" ಎಂದ ಮೇಲೆ ವಾಪಸು ಬಂದು ಅವರಿಗೆಲ್ಲ ನಾಲಿಗೆ ತೋರಿಸುತ್ತಿದ್ದೆ. ಈ ಮನೆ ತಮ್ಮದು ಎಂಬುದರಲ್ಲಿ ಸಂಶಯವೇ ಇಲ್ಲದ ಮಕ್ಕಳಿಗೆ ಮಾತ್ರ ಮಾಡಬಹುದಾದ ತಮಾಷೆ ಅದು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ನಲವತ್ತು ದಾಟಬೇಕಾಯಿತು.

ಮಗಳು ನಮ್ಮಲ್ಲಿಗೆ ಬರುವಾಗ ಅವಳಿಗೆ ಆರು ವರ್ಷ. ಎರಡೂ ಕಿವಿಗೆ ಯಂತ್ರ, ಮಾತು ಅರ್ಧಂಬರ್ಧ, ಕಲಿಯುವುದು ನಿಧಾನ. ಬಲಗೈಯಲ್ಲಿ ಹಳೆಯ ಸುಟ್ಟ ಗುರುತುಗಳಿದ್ದವು. ನಮಗಿಂತ ಮೊದಲು ಒಂದು ಮನೆಯವರು ಅವಳನ್ನು ದತ್ತು ತೆಗೆದುಕೊಳ್ಳಲು ಕರೆದೊಯ್ದು ಏಳು ತಿಂಗಳ ಮೇಲೆ ವಾಪಸು ತಂದು ಬಿಟ್ಟಿದ್ದರು. ಫೈಲಿನಲ್ಲಿ ಅದಕ್ಕೆ ಬರೆದ ಕಾರಣ ಒಂದೇ ಸಾಲು: ಹೊಂದಾಣಿಕೆಯಾಗಲಿಲ್ಲ. ಅಂಗಿಯ ಅಳತೆ ಸರಿಯಾಗಲಿಲ್ಲ ಎಂದು ಅಂಗಡಿಗೆ ಹಿಂತಿರುಗಿಸುವ ಹಾಗೆ. ಮುಖವೇ ನೋಡದ ಆ ಜನರಿಗೆ ನಾನು ಮನಸ್ಸಿನಲ್ಲೇ ಬೈದಷ್ಟು ಇನ್ಯಾರಿಗೂ ಬೈದದ್ದಿಲ್ಲ. ದತ್ತು ಕೇಂದ್ರದ ಮೇಡಂ, "ನಿಮಗೆ ಸಿಟ್ಟು ಬೇಗ ಬರ್ತದಾ?" ಎಂದು ಕೇಳಿದ್ದರು. "ಬರ್ತದೆ. ಆದರೆ ಹೊಡೆಯುವವಳಲ್ಲ" ಎಂದು ದೊಡ್ಡ ಗಂಟಲಿನಲ್ಲಿ ಹೇಳಿದ್ದೆ. ಬೆಳ್ತಂಗಡಿ ಕಡೆಯ ಶಾಲೆಗಳಲ್ಲಿ ಹದಿನೆಂಟು ವರ್ಷ ಪಾಠ ಮಾಡಿದವಳು, ಬೆತ್ತ ಮುಟ್ಟಿದವಳಲ್ಲ ಎಂಬ ಜಂಬ ನನಗಿತ್ತು.

ಮೊದಲ ಎರಡು ವರ್ಷ ಅವಳು ಯಾವ ಹಟವನ್ನೂ ಮಾಡಲಿಲ್ಲ. ಹಾಕಿದ್ದು ತಿಂದಳು, ಕೊಟ್ಟದ್ದು ಉಟ್ಟಳು, ತಿಂದ ಬಟ್ಟಲನ್ನು ತಾನೇ ತೊಳೆದು ಬೋರಲು ಹಾಕಿದಳು. ಬಂದವರೆಲ್ಲ ಎಷ್ಟು ಒಳ್ಳೆಯ ಮಗು ಎಂದು ಹೊಗಳಿ ಹೋಗುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿ ಕೇಳುತ್ತಿರಲಿಲ್ಲ. ಹಾಗೆ ಇರುವುದು ನೆಂಟರ ಮನೆಗೆ ಬಂದ ಮಕ್ಕಳು. ಮೂರನೆಯ ವರ್ಷ ಒಂದು ಬೆಳಿಗ್ಗೆ, ನೀರುದೋಸೆ ಬೇಡವೇ ಬೇಡ ಎಂದು ಬಟ್ಟಲನ್ನು ದೂಡಿಬಿಟ್ಟಳು. ಚಟ್ನಿ ನನ್ನ ಸೀರೆಗೆಲ್ಲ ಹಾರಿತು. ಶಾಲೆಗೆ ತಡವಾದರೂ ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತು ಖುಷಿಯಿಂದ ಅತ್ತೆ.

ಮಡಂತ್ಯಾರಿನ ಹತ್ತಿರದ ನಮ್ಮ ಮನೆಯಲ್ಲಿ ಮಾತೆಲ್ಲ ತುಳು. ಆದರೆ ಅವಳಿಗೆ ಮಾತು ಕಲಿಸುವ ಮೂಡಬಿದಿರೆಯ ಟೀಚರ್, ಮಗುವಿನ ಹತ್ತಿರ ಒಂದೇ ಭಾಷೆ ಆಡಿ, ಮುಖ ನೋಡಿ ನಿಧಾನಕ್ಕೆ ಆಡಿ ಎಂದಿದ್ದರು. ಹಾಗಾಗಿ ಇಡೀ ಮನೆ ಕನ್ನಡಕ್ಕೆ ತಿರುಗಿತು. ಎಲ್ಲರಿಗಿಂತ ಶ್ರದ್ಧೆ ನನ್ನ ಅತ್ತೆಯವರದ್ದು. ಅವರ ಕನ್ನಡ ಯಕ್ಷಗಾನ ನೋಡಿ ಕಲಿತದ್ದು. "ಮಗಳೇ, ಸ್ನಾನವಾಯಿತೇ?" ಎಂದು ಅವರು ಕೇಳಿದರೆ ಬಾಗಿಲ ಹಿಂದೆ ಕಿರೀಟ ಇಟ್ಟುಕೊಂಡಿದ್ದಾರೋ ಎಂದು ನಾನು ಗೇಲಿ ಮಾಡುತ್ತಿದ್ದೆ. ಎಪ್ಪತ್ತರ ಪ್ರಾಯದಲ್ಲಿ, ಬೇರೆ ಯಾರೋ ಹೆತ್ತ ಮಗುವಿಗಾಗಿ ಅವರು ನಾಲಿಗೆ ಹೊರಳಿಸಿಕೊಂಡದ್ದನ್ನು ನಾನು ಸಾಯುವವರೆಗೂ ಮರೆಯಬಾರದು.

ಆ ವರ್ಷದ ರಜೆಯಲ್ಲಿ ಪೊಳಲಿಯಿಂದ ನಾದಿನಿಯ ಇಬ್ಬರು ಮಕ್ಕಳು ಬಂದಿದ್ದರು. ಮಧ್ಯಾಹ್ನ ಊಟದ ಮೇಲೆ ಹಲಸಿನ ಬೀಜ ಸುಲಿಯುತ್ತ ಅತ್ತೆ ಇಬ್ಬರಿಗೂ, ನಿಮ್ಮನ್ನು ತೌಡು ಕೊಟ್ಟು ತಂದದ್ದು ಎಂದರು. "ಅಜ್ಜಿ ಸುಳ್ಳು, ಅಜ್ಜಿ ಸುಳ್ಳು" ಎಂದು ಅವು ಅವರ ಬೆನ್ನಿಗೆ ಗುದ್ದಿದವು. ನನ್ನ ಮಗಳು ಎಲ್ಲರ ಬಾಯಿ ನೋಡುತ್ತ ಕೂತಿದ್ದಳು. ಅವಳೊಬ್ಬಳನ್ನು ಬಿಟ್ಟರೆ ಬೇಸರವಾದೀತೆಂದು ಅತ್ತೆ ಅವಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿ, ಟೀಚರ್ ಹೇಳಿಕೊಟ್ಟ ಹಾಗೆಯೇ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ನಿನ್ನನ್ನೂ, ತೌಡು, ಕೊಟ್ಟು, ತಂದದ್ದು." ತುಳುವಿನಲ್ಲಿ ಹೇಳಿದ್ದರೆ ಅದು ಅವಳನ್ನು ಮುಟ್ಟುತ್ತಲೇ ಇರಲಿಲ್ಲ. ಅವಳು ಗುದ್ದಲಿಲ್ಲ, ಅಳಲಿಲ್ಲ. ತಿಳಿಯಿತು ಎಂಬಂತೆ ತಲೆಯಾಡಿಸಿದಳು. ಅಲ್ಲೇ ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ.

ಬಂಟ್ವಾಳ ಪೇಟೆಯಲ್ಲಿ ಅಂಗಡಿಯಿರುವ ನನ್ನ ಗಂಡ ಮುಂದಿನ ವಾರ ದನಕ್ಕೆಂದು ಎರಡು ಗೋಣಿ ತೌಡು ತಂದು ಹಟ್ಟಿಯಲ್ಲಿ ಇಳಿಸಿದರು. ಅವರು ಅಂಗಡಿಗೆ ವಾಪಸು ಹೋದ ಮೇಲೆ ನಾನು ಬಟ್ಟೆ ಒಗೆಯುತ್ತಿದ್ದೆ. ಮಗಳು ಕಾಣದಿದ್ದಾಗ ಹುಡುಕಿಕೊಂಡು ಹೋದರೆ, ಮನೆಯ ಹಿಂದಿನ ತೋಡಿನ ಬದಿಯಲ್ಲಿದ್ದಳು. ಒಂದು ಗೋಣಿ ಪೂರ್ತಿ ಖಾಲಿಯಾಗಿ ಬಿದ್ದಿತ್ತು. ಇನ್ನೊಂದರಿಂದ ಬಾಲ್ದಿಯಲ್ಲಿ ತುಂಬಿ ತುಂಬಿ ತಂದು ನೀರಿಗೆ ಸುರಿಯುತ್ತಿದ್ದಳು. ತಲೆಕೂದಲು, ಅಂಗಿ, ರೆಪ್ಪೆ ಎಲ್ಲ ತೌಡು. "ಏನು ಮಾಡ್ತಾ ಇದ್ದಿ ನೀನು?" ಎಂದು ಕಿರುಚಿದೆ. ಅವಳು ನನ್ನನ್ನು ನೋಡಿದಳು, ಬಾಲ್ದಿಯಲ್ಲಿದ್ದದ್ದನ್ನೂ ಅವಸರದಿಂದ ಚೆಲ್ಲಿದಳು. ನೋಡಿಯೂ ಚೆಲ್ಲಿದಳಲ್ಲ ಎಂದು ನನಗೆ ತಲೆ ಕೆಟ್ಟಿತು. ಹೋಗಿ ಕೆನ್ನೆಗೆ ಹೊಡೆದೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದು ಕಿವಿಯ ಯಂತ್ರಗಳನ್ನು ಒಂದೊಂದಾಗಿ ತೆಗೆದಳು. ಒಗೆಯುವ ಕಲ್ಲಿನ ಮೇಲೆ, ಒದ್ದೆಯಿಲ್ಲದ ಕಡೆ ನೋಡಿ ಇಟ್ಟಳು. ಮತ್ತೆ ನನ್ನೆದುರು ಬಂದು, ಕೈ ಎರಡೂ ಬದಿಗೆ ಬಿಟ್ಟು, ಕಣ್ಣು ಮುಚ್ಚಿ ನಿಂತಳು. ಹೊಡೆತ ತಿನ್ನುವ ಮೊದಲು ಯಂತ್ರ ತೆಗೆದಿಡಬೇಕೆಂದು ಅವಳಿಗೆ ಯಾರೋ ಕಲಿಸಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವಳು ಒಂದು ಕಣ್ಣು ಬಿಟ್ಟು ನೋಡಿ, "ಆಯ್ತಾ?" ಎಂದು ಕೇಳಿದಳು.

ಅಪ್ಪಿಕೊಳ್ಳಲು ಹೋದರೆ ಮೈ ಸೆಟೆದುಕೊಂಡಿತು. ತಪ್ಪಾಯಿತು ಮಗಾ ಎಂದು ಹೇಳಿದೆ, ಯಂತ್ರವಿಲ್ಲದ ಕಿವಿಗೆ. ಅತ್ತೆ ಓಡಿ ಬಂದು, "ತೌಡು ಹೋದರೆ ಹೋಗ್ಲಿ, ಮಗುವಿಗೆ ಯಾಕೆ ಕೈ ಮಾಡಿದಿ ನೀನು?" ಎಂದು ನನ್ನನ್ನೇ ಬೈದರು. ಮರುದಿನದಿಂದ ಅವಳು ಮತ್ತೆ ಹಳೆಯ ಒಳ್ಳೆಯ ಮಗುವಾದಳು. ನೀರುದೋಸೆ ಹಾಕಿದೆ, ತಿಂದು ಬಟ್ಟಲು ತೊಳೆದಿಟ್ಟಳು. ಮೂರು ವರ್ಷದಲ್ಲಿ ಕಟ್ಟಿದ್ದನ್ನು ಒಂದು ಕೈ ಎತ್ತಿ ಕೆಡವಿಬಿಟ್ಟಿದ್ದೆ. ಆ ಮೊದಲಿನ ಮನೆಯವರಿಗೆ ಬೈಯುವ ಬಾಯಿ ನನಗೆ ಆಮೇಲೆ ಉಳಿಯಲಿಲ್ಲ.

ಶನಿವಾರ ಎರಡು ಬಸ್ಸು ಬದಲಿಸಿ ಮೂಡಬಿದಿರೆಗೆ ಹೋದೆವು. ಆ ವಾರ ಮಾಡಿದ ಕೆಲಸಗಳ ಬಗ್ಗೆ ಮೂರು ವಾಕ್ಯ ಹೇಳಿಸುವುದು ಟೀಚರ ಕ್ರಮ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೊಡೆದ ವಿಷಯ ಹೇಳಿಯಾಳೆಂದು ಹೆದರಿ ಅವಳ ಬಾಯಿಯನ್ನೇ ನೋಡುತ್ತಿದ್ದೆ. ಅವಳು ಅದನ್ನು ಹೇಳಲಿಲ್ಲ.

"ಅಪ್ಪ ತೌಡು ತಂದರು" ಎಂದಳು. ಟೀಚರ್ ತಲೆಯಾಡಿಸಿದರು. "ನಾನು ತೌಡು ನೀರಿಗೆ ಹಾಕಿದೆ."

"ಯಾಕೆ ಹಾಕಿದ್ದು?"

ಮೂರನೆಯ ವಾಕ್ಯಕ್ಕೆ ತುಂಬ ಹೊತ್ತು ಹಿಡಿಯಿತು. "ಬೇರೆ ಮಗು ತರ್ಲಿಕ್ಕೆ ಈಗ ತೌಡು ಇಲ್ಲ."

ವಾಕ್ಯ ತಪ್ಪಿಲ್ಲದೆ ಬಂದದ್ದಕ್ಕೆ ಟೀಚರ್ ಚಪ್ಪಾಳೆ ತಟ್ಟಿದರು. ಅವರಿಗೆ ಏನು ಗೊತ್ತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಜಗಲಿಗೆ ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದೆ. ಅಜ್ಜಿ ಹೇಳಿದ್ದು ತಮಾಷೆಗೆ. ತೌಡು ದನಕ್ಕೆ. ಮಕ್ಕಳನ್ನು ತೌಡು ಕೊಟ್ಟು ತರುವುದಿಲ್ಲ, ನಿನ್ನನ್ನೂ ತಂದದ್ದಲ್ಲ. ಇಷ್ಟು ಹೇಳಿದರೆ ಎಲ್ಲ ಸರಿಯಾಗುತ್ತದೆ ಎಂದು ಟೀಚರಮ್ಮನ ಬುದ್ಧಿ ನನಗೆ.

ಅವಳು ಯೋಚಿಸಿದಳು. "ಮತ್ತೆ ಏನು ಕೊಟ್ಟದ್ದು?"

"ಏನೂ ಕೊಡ್ಲಿಲ್ಲ ಮಗಾ."

"ಸುಮ್ಮನೆ ಸಿಕ್ಕಿದ್ದಾ ನಾನು?"

ಅವಳ ಮುಖ ಸಣ್ಣದಾಯಿತು. ತನಗಾಗಿ ಯಾರೋ ಏನನ್ನೋ ಕೊಟ್ಟಿದ್ದಾರೆ ಎಂಬುದೊಂದನ್ನು ಅವಳು ರಜೆಯಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ನಾನು ಅದನ್ನೂ ಕಸಿದುಕೊಂಡೆ. ಗಾಬರಿಯಲ್ಲಿ, "ಇಲ್ಲ ಇಲ್ಲ, ಮರೆತಿದ್ದೆ ನಾನು. ಕೊಟ್ಟಿದ್ದೇವೆ. ಮನೆಯಲ್ಲಿದ್ದ ತೌಡು ಅಷ್ಟನ್ನೂ ಕೊಟ್ಟಿದ್ದೇವೆ" ಎಂದೆ.

"ಅಷ್ಟನ್ನೂ?"

"ಅಷ್ಟನ್ನೂ."

ಅವಳು ನನ್ನ ಬೆರಳು ಹಿಡಿದುಕೊಂಡಳು. ಆ ವಾರದಲ್ಲಿ ಅವಳಾಗಿ ಹಿಡಿದದ್ದು ಅದೇ ಮೊದಲು. ಇನ್ನೇನೂ ಕೇಳದಿದ್ದರೆ ಸಾಕಪ್ಪಾ ಎಂದು ನಾನು ಬಸ್ಸು ಬರುವ ದಾರಿ ನೋಡುತ್ತ ಕೂತೆ. ಅವಳು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿ ಕೇಳಿದಳು.

"ಅಮ್ಮ, ಆ ಮೊದಲಿನ ಮನೆಯವರಿಗೆ ಅವರ ತೌಡು ವಾಪಸು ಸಿಕ್ಕಿತಾ?"

"ಇಲ್ಲ" ಎಂದೆ.

"ಪಾಪ" ಎಂದಳು.