ಎಂಟು ಗಂಟೆಯ ತಿಂಡಿ

ಕತಾರಿನಲ್ಲಿ ಗಡಿಯಾರ ಬದಲಾಗುವುದಿಲ್ಲ. ಚಳಿಗಾಲಕ್ಕೂ ಬೇಸಿಗೆಗೂ ಒಂದೇ ಸಮಯ. ಆದರೂ ಆ ವರ್ಷ ಮಾರ್ಚ್ ಕೊನೆಯಲ್ಲಿ ಯೂರೋಪಿನವರು ತಮ್ಮ ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದಕ್ಕೆ ನಮ್ಮ ತೋಟದ ನಲವತ್ತು ಜನ ಹಸಿದುಕೊಂಡು ಕೆಲಸ ಮಾಡಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಲ್ ಖೋರ್ ಪಟ್ಟಣ ದಾಟಿ ಉತ್ತರಕ್ಕೆ ಹೋದರೆ ಸಿಗುವ ತರಕಾರಿ ತೋಟವೊಂದರ ಆಫೀಸಿನಲ್ಲಿ ನಾನು ಗುಮಾಸ್ತೆ. ಗಂಡ ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಶಿಫ್ಟ್ ಕೆಲಸಗಾರ. ಉಡುಪಿ ಕಡೆಯ ನಮಗೆ ಮರಳಿನ ನಡುವೆ ಸೌತೆಕಾಯಿ ಬೆಳೆಯುವುದೇ ಮೊದಲು ಸೋಜಿಗವಾಗಿತ್ತು, ಆಮೇಲೆ ಅಭ್ಯಾಸವಾಯಿತು. ಇಲ್ಲಿ ಬೆಳೆ ಚಳಿಗಾಲದ್ದು. ಮಾರ್ಚ್ ಬಂತೆಂದರೆ ಗಂಡು ಖರ್ಜೂರದ ಹೂವಿನ ಪುಡಿ ಹಿಡಿದು ಆಳುಗಳು ಹೆಣ್ಣು ಮರ ಹತ್ತಿ ಹೂವಿಗೆ ಹಚ್ಚುತ್ತಾರೆ, ಕುರಿದೊಡ್ಡಿಯ ಬಳಿ ವಲಸೆ ಹಕ್ಕಿಗಳು ಒಂದೆರಡು ದಿನ ಇಳಿದು ಹೋಗುತ್ತವೆ, ಬೆಳಗ್ಗೆ ಒಂಬತ್ತಕ್ಕೆಲ್ಲ ಹಸಿರುಮನೆಯ ಬಾಗಿಲಿನ ಹಿಡಿ ಕೈ ಸುಡುತ್ತದೆ. ಇಲ್ಲಿಯ ವಸಂತ ಅಷ್ಟೇ.

ತೋಟದವರು ಐದಕ್ಕೆ ಕೊಯ್ಲು ಶುರು ಮಾಡುತ್ತಿದ್ದರು. ಎಂಟಕ್ಕೆ ಅರ್ಧ ಗಂಟೆ ತಿಂಡಿ. ಆಳುಗಳು ಉಳಿಯುವ ಕ್ಯಾಂಪಿನಿಂದ ಡಬ್ಬಿಯಲ್ಲಿ ತಂದ ರೊಟ್ಟಿ, ಪಲ್ಯ, ಚಹಾ. ನಂತರ ತೂಕ. ಆ ತೂಕದ ಪಟ್ಟಿ ಹಿಡಿದು ನಾನು ಹನ್ನೊಂದು ಗಂಟೆಯ ವೀಡಿಯೊ ಮೀಟಿಂಗಿಗೆ ಕೂರಬೇಕು. ಹಸಿರುಮನೆಗಳ ಉಸ್ತುವಾರಿಯ ಕಂಪನಿ ಯೂರೋಪಿನದು. ನಮ್ಮ ಹನ್ನೊಂದು ಅವರಿಗೆ ಒಂಬತ್ತು.

ಆ ಸೋಮವಾರ ಹತ್ತಕ್ಕೇ ಫೋನು ಬಂತು. ಮೀಟಿಂಗ್ ಶುರುವಾಗಿತ್ತು. ನಾನು ಪ್ಯಾಕಿಂಗ್ ಶೆಡ್ಡಿನಲ್ಲಿ, ಮ್ಯಾನೇಜರು ಇನ್ನೂ ಕಾರಿನಲ್ಲಿ. ಅವರು ಬೆಂಗಳೂರಿನವರು, ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯಿಂದ ದಿನಾ ಬರುತ್ತಿದ್ದರು. ಬಂದವರೇ ಎಲ್ಲರೆದುರು ರೇಗಿದರು.

"ಏನ್ರೀ ಇದು? ಅವರ ಟೈಮ್ ಚೇಂಜ್ ಆಗುತ್ತೆ ಅಂತ ಗೊತ್ತಿಲ್ವಾ ನಿಮಗೆ? ನಾಳೆಯಿಂದ ಒಂಬತ್ತೂವರೆಗೆ ವೆಯ್ಟ್ ಲಿಸ್ಟ್ ನನ್ನ ಟೇಬಲ್ ಮೇಲಿರಬೇಕು."

"ಅಷ್ಟು ಬೇಗ ಹೇಗೆ ಆಗ್ತದೆ ಸರ್?"

"ಎಂಟು ಗಂಟೆ ಬ್ರೇಕ್ ತೆಗೀರಿ. ಹತ್ತಕ್ಕೆ ತಿನ್ಲಿ. ಸರ್ಕ್ಯುಲರ್ ಟೈಪ್ ಮಾಡಿ."

"ಅಲ್ಲ ಸರ್, ನಾಲ್ಕಕ್ಕೆ ಎದ್ದವರು ಹತ್ತರವರೆಗೆ ಹೊಟ್ಟೆಗೆ ಹಾಕದೆ ಇರ್ಲಿಕ್ಕೆ ಆಗ್ತದಾ? ಮೀಟಿಂಗೇ ಸ್ವಲ್ಪ ತಡ ಮಾಡಿ ಅಂತ ಅವರನ್ನು ಕೇಳಬಹುದಲ್ಲ?"

"ಹೆಡ್ ಆಫೀಸಿಗೆ ಹಾಗೆಲ್ಲ ಹೇಳಕ್ಕಾಗಲ್ಲ. ಯಲ್ಲಾ, ಬೇಗ ಟೈಪ್ ಮಾಡಿ."

ಟೈಪ್ ಮಾಡಿದೆ. ಇಂಗ್ಲಿಷಿನಲ್ಲೊಂದು, ಹಿಂದಿಯಲ್ಲೊಂದು. ಶೆಡ್ಡಿನ ಗೋಡೆಗೆ ನಾನೇ ಅಂಟಿಸಿದೆ. ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ ಎಂದು ಹೇಳದೆ ಹೋದರೆ ಮಿಕ್ಕದ್ದೆಲ್ಲ ಸುಳ್ಳಾಗುತ್ತದೆ.

ಆಳುಗಳ ಮೇಸ್ತ್ರಿ ಅದನ್ನು ಓದಿ ನನ್ನ ಕಿಟಕಿಗೆ ಬಂದರು. ಕಲಬುರಗಿ ಕಡೆಯವರು, ಐವತ್ತು ದಾಟಿದವರು, ತೋಟ ಶುರುವಾದಂದಿನಿಂದ ಇದ್ದವರು. "ಅಕ್ಕಾರ, ನಂದು ಶುಗರ್ ಮೈ ಅದ. ಕ್ಯಾಂಪಿನ್ಯಾಗ ಗುಳಿಗಿ ನುಂಗಿ ಬರ್ತೀನಿ. ಎಂಟಕ್ಕ ತಿನ್ನದಿದ್ರ ಕೈಕಾಲು ನಡಗ್ತಾವ್ರಿ."

ಮ್ಯಾನೇಜರಿಗೆ ಹೇಳಿದೆ. "ಅವರೊಬ್ಬರು ಏನಾದ್ರೂ ಬಾಯಿಗೆ ಹಾಕ್ಕೊಳ್ಳಲಿ" ಎಂದರು. ಮೇಸ್ತ್ರಿ ಒಪ್ಪಲಿಲ್ಲ. "ಹುಡುಗರೆಲ್ಲಾ ಹಸಕೊಂಡು ಕೊಯ್ಯುವಾಗ ನಾ ಒಬ್ಬನ ಹ್ಯಾಂಗ ತಿನ್ಲಿ?"

ಗುರುವಾರ ಒಂಬತ್ತರ ಹೊತ್ತಿಗೆ ಸೌತೆಕಾಯಿಯ ಸಾಲಿನಲ್ಲಿ ಅವರು ಕುಸಿದರು. ನಾಲ್ವರು ಎತ್ತಿಕೊಂಡು ಶೆಡ್ಡಿಗೆ ತಂದರು. ಮೈಯೆಲ್ಲ ತಣ್ಣನೆ ಬೆವರು, ತುಟಿ ಬಿಳಿಚಿತ್ತು, ಮಾತು ತೊದಲುತ್ತಿತ್ತು. ನನ್ನ ಊಟದ ಚೀಲದಲ್ಲಿ ಮಾವಿನ ಜ್ಯೂಸಿನ ಪ್ಯಾಕೆಟ್ ಇತ್ತು. ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ನೋಟ ಸರಿಯಾಯಿತು. ಅಷ್ಟರಲ್ಲಿ ಮ್ಯಾನೇಜರು ಬಾಗಿಲಲ್ಲಿ ಬಂದು ನಿಂತರು. ನೆಲದಲ್ಲಿ ಕೂತವರನ್ನು ನೋಡಿದರು, ವಾಚು ನೋಡಿಕೊಂಡರು.

"ಗಾಡೀಲಿ ಕ್ಲಿನಿಕ್‌ಗೆ ಕಳಿಸಿ. ಲಿಸ್ಟ್ ರೆಡಿನಾ?"

ನಾನು ಆಳುಗಳ ಕಡೆ ತಿರುಗಿ, "ಎಲ್ಲರೂ ಕೂತು ತಿಂಡಿ ತಿನ್ನಿ, ತೂಕ ಆಮೇಲೆ" ಎಂದು ಹಿಂದಿಯಲ್ಲಿ ಹೇಳಿದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿ ಡಬ್ಬಿ ತೆಗೆದರು.

ಹತ್ತಕ್ಕೆ ಮೀಟಿಂಗ್. ಪಟ್ಟಿಯಲ್ಲಿ ಅರ್ಧ ಖಾಲಿ. ಆ ಕಡೆಯ ಹೆಂಗಸು ಯಾಕೆಂದು ಕೇಳಿದಳು. ಮ್ಯಾನೇಜರು ತೂಕದ ಯಂತ್ರ ಕೈಕೊಟ್ಟಿದೆ ಎಂದು ಶುರು ಮಾಡಿದರು. ನಾನು ಮೈಕಿನ ಗುಂಡಿ ಒತ್ತಿದೆ.

"ಯಂತ್ರ ಸರಿ ಇದೆ ಮೇಡಂ. ನಿಮ್ಮ ಗಡಿಯಾರ ಬದಲಾದ ಮೇಲೆ ಇಲ್ಲಿ ಜನರ ತಿಂಡಿ ನಿಲ್ಲಿಸಿದ್ದೇವೆ. ಇವತ್ತು ಒಬ್ಬರು ಬಿದ್ದರು. ಅದಕ್ಕೆ ಪಟ್ಟಿ ಖಾಲಿ."

ಆಕೆ ಗಾಬರಿಯಾದಳು. "ಒಂಬತ್ತೇ ಆಗಬೇಕು ಅಂತ ನಾವು ಯಾವತ್ತೂ ಹೇಳಿಲ್ಲವಲ್ಲ! ನಮಗೆ ಹತ್ತಾದರೂ ಸರಿ. ನಿಮ್ಮ ಹನ್ನೊಂದಕ್ಕೇ ಇಟ್ಟುಕೊಳ್ಳಿ. ಯಾರೂ ಯಾಕೆ ಕೇಳಲಿಲ್ಲ?"

ಎರಡು ನಿಮಿಷದಲ್ಲಿ ಮುಗಿಯಿತು. ಒಂದೇ ಒಂದು ಪ್ರಶ್ನೆ ಕೇಳುವ ಧೈರ್ಯ ಇಲ್ಲದ್ದಕ್ಕೆ ಮೂರು ದಿನ! ಅಷ್ಟು ದಿನ ದೂರದವರ ಮೇಲಿದ್ದ ನನ್ನ ಕೋಪ ಅಲ್ಲೇ ಪಕ್ಕದ ಕುರ್ಚಿಗೆ ತಿರುಗಿತು. ಮ್ಯಾನೇಜರು ಲ್ಯಾಪ್‌ಟಾಪ್ ಮುಚ್ಚಿ, "ನನ್ನ ಮರ್ಯಾದೆ ತೆಗೆದ್ರಲ್ಲ" ಎಂದರಷ್ಟೇ. ನನ್ನ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಶುಕ್ರ, ಶನಿಯ ರಜೆ ಕಳೆದು ಭಾನುವಾರ ತಿಂಡಿಯ ಹೊತ್ತು ಮೊದಲಿನಂತಾಯಿತು. ಕ್ಲಿನಿಕ್ಕಿನಿಂದ ವಾಪಸಾದ ಮೇಸ್ತ್ರಿಗೆ ನಾನು ಖುಷಿಯಿಂದ ವಿಷಯ ತಿಳಿಸಿದರೆ ಅವರು ನಗಲಿಲ್ಲ. "ಈ ಮಾತು ಸೋಮ್ವಾರನ ಹೇಳ್ಬೇಕಿತ್ರಿ ಅಕ್ಕಾರ" ಎಂದರು. ಅವರು ಹೇಳಿದ್ದು ಸರಿ.

ಎರಡು ವಾರದ ನಂತರ ಒಂದು ಶುಕ್ರವಾರ ದೋಹಾದ ಸಭಾಂಗಣವೊಂದರಲ್ಲಿ ಕನ್ನಡಿಗರ ಯುಗಾದಿ ಕೂಟ. ನಾವು ಕ್ರೈಸ್ತರು, ಇಗರ್ಜಿಗೆ ಹೋಗುವವರಾದರೂ ಊಟಕ್ಕೆ, ಕನ್ನಡದ ನಾಲ್ಕು ಮಾತಿಗೆ ಪ್ರತಿ ವರ್ಷ ಹೋಗುತ್ತೇವೆ. ವೇದಿಕೆಯಲ್ಲಿ ರೇಷ್ಮೆ ಶಲ್ಯ ಹೊದ್ದು ನಮ್ಮ ಮ್ಯಾನೇಜರು. ಮರುಭೂಮಿಯಲ್ಲಿ ಹಸಿರು ಚಿಗುರಿಸುವ ಅನ್ನದಾತರ ಬೆವರಿನ ಬಗ್ಗೆ ಮಾತಾಡಿದರು. ಚಪ್ಪಾಳೆ ಬಿತ್ತು. ಊಟದ ಸಾಲಿನಲ್ಲಿ ನನ್ನನ್ನು ಕಂಡು, "ನಮ್ಮ ತೋಟದವರು, ತಂಗಿ ಇದ್ದ ಹಾಗೆ" ಎಂದು ಹೆಂಡತಿಗೆ ಪರಿಚಯಿಸಿದರು.

"ಸರ್, ಅವತ್ತು ಬಿದ್ದವರ ಹೆಸರು ಗೊತ್ತುಂಟಾ ನಿಮಗೆ?" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಸಾಲಿನವರು ತಿರುಗಿ ನೋಡಿದರು.

"ಮೇಸ್ತ್ರಿ… ಎಲ್ಲರ ಹೆಸರು ನೆನಪಿಡಕ್ಕಾಗುತ್ತೇನ್ರೀ?"

ನಾಲ್ಕು ವರ್ಷ ಮೇಸ್ತ್ರಿಯಿಂದ ದಿನಾ ಸಲಾಮು ತೆಗೆದುಕೊಂಡವರು! ನಾನು ಮೇಸ್ತ್ರಿಯ ಹೆಸರು ಹೇಳಿದೆ, ಅವರಪ್ಪನ ಹೆಸರೂ ಸೇರಿಸಿ. ತಟ್ಟೆ ಕೆಳಗಿಟ್ಟು ಹೊರಗೆ ಬಂದೆ. ಗಂಡ ಹೋಳಿಗೆ ಅರ್ಧಕ್ಕೇ ಬಿಟ್ಟು ಹಿಂದೆ ಬಂದರು.

ಭಾನುವಾರ ಬೆಳಗ್ಗೆ ಮ್ಯಾನೇಜರು ಶೆಡ್ಡಿಗೆ ಬಂದು ಮೇಸ್ತ್ರಿಯನ್ನು ಹೆಸರು ಹಿಡಿದು ಕರೆದು, ಹುಷಾರಾಗಿದ್ದೀರಾ ಎಂದು ಕೇಳಿದರು. ಅವರು ಅತ್ತ ಹೋದದ್ದೇ ಮೇಸ್ತ್ರಿ ನನ್ನ ಕಿಟಕಿಗೆ ಓಡಿ ಬಂದರು. ಮುಖ ಬಾಡಿತ್ತು.

"ಅಕ್ಕಾರ, ಯಾವತ್ತೂ ಇಲ್ಲದ್ದು ಇವತ್ತ ಸಾಹೇಬರು ಹೆಸರು ಹಿಡದು ಮಾತಾಡ್ಸಿದ್ರು. ನೌಕರಿ ಖಲಾಸ್ ಮಾಡಿ ಊರಿಗಿ ಕಳಸ್ತಾರೇನ್ರಿ ನನ್ನ?"

ಇಲ್ಲ ಎಂದು ನಂಬಿಸಲು ಬಹಳ ಹೊತ್ತು ಹಿಡಿಯಿತು.