ಬಲಮಗ್ಗುಲು ಮೇಲಾದ ಕೋಟು

ಅಂಗಡಿ ಇಟ್ಟ ಇಪ್ಪತ್ತೆರಡು ವರ್ಷಗಳಲ್ಲಿ ಅಕ್ಕ ಹೊಲಿದ ಒಂದು ಬಟ್ಟೆಯೂ ಸರಿಪಡಿಸಲೆಂದು ವಾಪಸು ಬಂದಿಲ್ಲ. ಈ ಮಾತನ್ನು ಅವಳು ಕೇಳಿದವರಿಗೂ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ಅವಳದು ಎರಡು ಮೆಷಿನ್ನು, ಒಂದು ಉದ್ದ ಕನ್ನಡಿ ಹಿಡಿಸುವಷ್ಟು ಅಂಗಡಿ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಕಣ್ಣಲ್ಲೇ ಸೊಂಟದ ಅಳತೆ ತೆಗೆದಿರುತ್ತಾಳೆ. ಆ ಅಳತೆ ಗಿರಾಕಿ ಬಾಯಲ್ಲಿ ಒಪ್ಪಿಕೊಳ್ಳುವುದಕ್ಕಿಂತ ಯಾವಾಗಲೂ ಎರಡಂಗುಲ ಜಾಸ್ತಿ ಇರುತ್ತದೆ, ಯಾವಾಗಲೂ ಸರಿಯಾಗಿಯೂ ಇರುತ್ತದೆ.

ಅವಳ ತಮ್ಮನಿಗೆ ಮೂವತ್ತನಾಲ್ಕು. ಪಾರ್ಸೆಲ್ ಆಫೀಸಿನಲ್ಲಿ ಪೆಟ್ಟಿಗೆ ತೂಗಿ ಚೀಟಿ ಅಂಟಿಸುವ ಕೆಲಸ. ಸಣಕಲು ಮೈ, ಅದಕ್ಕೇ ಅಕ್ಕನ ಬಾಯಲ್ಲಿ ಅವನು ಕಡ್ಡಿ. ಹೆತ್ತವರು ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿ ಬೆಳೆಸಿದವಳು ಅವಳೇ. ಅವನೋ ಹತ್ತು ಮಾತಿಗೆ ಒಂದು ‘ಹೂಂ’ ಅನ್ನುವ ಆಸಾಮಿ. ಬಾಯಿ ಬಿಡುವುದೇನಿದ್ದರೂ ಒಬ್ಬನ ವಿಷಯಕ್ಕೆ ಮಾತ್ರ: ಚಿಕ್ಕಂದಿನಿಂದ ಓದುತ್ತಾ ಬಂದ ಚಿತ್ರಕಥೆ ಪುಸ್ತಕದ, ಹಾರುವ ಹಡಗಿನ ಕಪ್ತಾನ. ಆ ಕಪ್ತಾನನ ಅಭಿಮಾನಿಗಳು ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣದಲ್ಲಿ ಸೇರುತ್ತಾರೆ, ವೇಷ ತೊಟ್ಟು ವೇದಿಕೆ ಹತ್ತುತ್ತಾರೆ. ತಮ್ಮ ಮೂರು ವರ್ಷ ಹೋಗಿ, ಮೂರು ವರ್ಷವೂ ಕೊನೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿ ಬಂದಿದ್ದ.

“ಅಕ್ಕ, ಈ ಸಲ ನಾನೂ ವೇದಿಕೆ ಹತ್ತಬೇಕು. ಒಂದೇ ಒಂದು ಸಲ. ಕೋಟು ಹೊಲ್ಕೊಡ್ತೀಯಾ?” ಎಂದು ಕೇಳಿದ.

ಹುಟ್ಟಿದಾಗಿನಿಂದ ಬಾಯಿಬಿಟ್ಟು ಏನನ್ನೂ ಕೇಳದವನು ಕೇಳಿದ್ದ. ಅಕ್ಕ ಹದಿನೈದು ದಿನ ಬೇರೆ ಬಟ್ಟೆ ಮುಟ್ಟಲಿಲ್ಲ. ಗಾಢ ನೀಲಿ ಉಣ್ಣೆಯ ಬಟ್ಟೆ, ಒಳಗೆ ಲೈನಿಂಗು, ಎದೆಗೆ ಆರು ಹಿತ್ತಾಳೆ ಗುಂಡಿ. ಕೋಟು ಹೇಗೆ ಬಂದಿದೆಯೆಂದು ಜನರ ಬಾಯಲ್ಲೇ ಕೇಳಬೇಕೆಂದು, ಅಂಗಡಿಗೆ ಬೀಗ ಹಾಕಿ ತಾನೂ ಅವನೊಂದಿಗೆ ಹೊರಟಳು.

ಸಭಾಂಗಣದಲ್ಲಿ ಹಸಿರು ಮುಖದವರು, ಕೊಂಬಿನವರು, ರೆಕ್ಕೆಯವರು ಗಿಜಿಗುಡುತ್ತಿದ್ದರು. ಬೇರೆಯವರಾಗಿದ್ದರೆ ಕಕ್ಕಾಬಿಕ್ಕಿಯಾಗುತ್ತಿದ್ದರು. ಅಕ್ಕ ಕಂಡಿದ್ದು ಬರೀ ಹೊಲಿಗೆ.

“ಆ ರೆಕ್ಕೆಯೋನಿಗೆ ಕಂಕುಳಲ್ಲಿ ಬಟ್ಟೆ ಸಾಲದು ಕಣೋ. ಹಾರೋಕೆ ಮುಂಚೆ ಹರಿಯುತ್ತೆ.”

ವೇದಿಕೆ ಹತ್ತುವ ಮುಂಚೆ ಒಂದು ಮೇಜಿನ ಮುಂದೆ ತಪಾಸಣೆ. ಅಲ್ಲಿ ಕೂತ ಹುಡುಗಿ ಕೋಟನ್ನು ಮುಟ್ಟಿ ನೋಡಿ ಕಣ್ಣರಳಿಸಿದಳು. ಆಮೇಲೆ ಕೈಯಲ್ಲಿದ್ದ ಚಿತ್ರ ನೋಡಿದಳು, ಮತ್ತೆ ಕೋಟು ನೋಡಿದಳು.

“ಸರ್, ಇಷ್ಟು ಚೆನ್ನಾಗಿರೋ ಕೋಟು ಇವತ್ತು ನಾನು ನೋಡೇ ಇಲ್ಲ. ಆದ್ರೆ ಕಪ್ತಾನನ ಕೋಟಲ್ಲಿ ಗುಂಡಿ ಹಾಕಿದಾಗ ಬಲಮಗ್ಗುಲು ಮೇಲಿರುತ್ತೆ. ನಿಮ್ಮದ್ರಲ್ಲಿ ಎಡಮಗ್ಗುಲು ಮೇಲಿದೆ. ಚಿತ್ರದ ಹಾಗೇ ಇರ್ಬೇಕು ಅನ್ನೋದು ಇಲ್ಲಿನ ನಿಯಮ. ಇನ್ನು ಅರ್ಧ ಗಂಟೆ ಟೈಮಿದೆ, ಸರಿಮಾಡ್ಕೊಂಡು ಬಂದ್ರೆ ಬಿಡ್ತೀನಿ.”

ತಮ್ಮ ಪಕ್ಕಕ್ಕೆ ಸರಿದ. ಅಕ್ಕನಿಗೆ ತಲೆಯ ಮೇಲೆ ಮೊಟಕಿದಂತಾಯಿತು. ಇಪ್ಪತ್ತೆರಡು ವರ್ಷಕ್ಕೆ ಮೊದಲ ಬಾರಿ ಬಟ್ಟೆ ವಾಪಸು ಬಂದಿತ್ತು, ಅದೂ ಅವನ ಬಟ್ಟೆ.

“ನೀನು ಗಮನಿಸ್ಲಿಲ್ವೇನೋ?”

“ನಿನ್ನೆ ಹಾಕ್ಕೊಂಡಾಗ್ಲೇ ಗೊತ್ತಾಯ್ತು.”

“ಹೇಳೋಕೇನಾಗಿತ್ತು ನಿನಗೆ, ಬಾಯಲ್ಲಿ ಕಡುಬು ಇತ್ತಾ?”

“ನೀನು ಅಷ್ಟು ಖುಷಿಯಾಗಿದ್ದೆ ಅಕ್ಕ. ಹೆಂಗೆ ಹೇಳಲಿ?”

ಹಾಗೆ ನೋಡಿದರೆ ಅಕ್ಕ ಕಣ್ತಪ್ಪಿ ಮಾಡಿದ್ದಲ್ಲ. ಚಿತ್ರದಲ್ಲಿ ಬಲಮಗ್ಗುಲು ಮೇಲಿದ್ದದ್ದನ್ನು ಕಂಡಿದ್ದಳು. ಹೆಂಗಸರ ಕೋಟು ಮುಚ್ಚುವುದು ಹಾಗೆ, ಗಂಡಸರದು ತಿರುಗುಮುರುಗು. ಚಿತ್ರ ಬರೆದವನಿಗೆ ಹೊಲಿಗೆಯ ಗಂಧಗಾಳಿ ಇಲ್ಲವೆಂದುಕೊಂಡು ತಾನೇ ತಿದ್ದಿದ್ದಳು. ತಿದ್ದುವುದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಈಗ ಹೇಳದೆ ವಿಧಿಯಿರಲಿಲ್ಲ.

“ನಿನಗೆ ಎಂಟು ವರ್ಷ ಇದ್ದಾಗ ನನ್ನ ಕೋಟನ್ನೇ ಕತ್ತರಿಸಿ ನಿನಗೆ ಹೊಲಿದಿದ್ದೆ, ನೆನಪಿದ್ಯಾ? ಹುಡುಗೀರ ಕೋಟು ಅಂತ ಸ್ಕೂಲಲ್ಲಿ ಎಲ್ಲಾ ನಕ್ಕರು. ನೀನು ಮುಖ ಊದಿಸ್ಕೊಂಡು ಬಂದು ಮೂಲೇಲಿ ಕೂತಿದ್ದೆ. ಮತ್ತೆ ಯಾರೂ ನಿನ್ನ ನೋಡಿ ನಗಬಾರ್ದು ಅಂತ ಈ ಕೋಟಿಗೆ ಹಿಂಗೆ ಮಾಡ್ದೆ ಕಣೋ.”

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಚೀಲದಿಂದ ಸೂಜಿದಾರ ತೆಗೆದಾಗಿತ್ತು. ಹೊಸದಾಗಿ ಗುಂಡಿ ತೂರಿಸುವ ಆರು ಕಾಜಾ ಕತ್ತರಿಸಿ ಹೊಲಿಯಲು ಸಮಯ ಎಲ್ಲಿದೆ? ಅವಳು ಗುಂಡಿಗಳನ್ನೆಲ್ಲ ಬಿಚ್ಚಿ, ಕಾಜಾಗಳಿದ್ದ ಎಡಮಗ್ಗುಲನ್ನು ಒಳಕ್ಕೆ ತಳ್ಳಿ, ಬಲಮಗ್ಗುಲನ್ನು ಅದರ ಮೇಲೆ ಎಳೆದಳು. ಗುಂಡಿಗಳು ಬಲಮಗ್ಗುಲಿನಲ್ಲೇ ಇದ್ದುದರಿಂದ ಆರೂ ಎದೆಯ ಮೇಲೆ ಸಾಲಾಗಿ ಕಂಡವು, ಕಾಜಾಗಳು ಅಡಿಯಲ್ಲಿ ಮರೆಯಾದವು. ಇನ್ನು ಕೋಟು ತೆರೆದುಕೊಳ್ಳದಂತೆ ಅವನ ಮೈಮೇಲೆಯೇ ಹೊಲಿದುಬಿಡುವುದೊಂದೇ ದಾರಿ.

“ಅಲುಗಬೇಡ. ಉಸಿರು ಮೆಲ್ಲಗೆ ಬಿಡು. ಚುಚ್ಚಿದ್ರೆ ನನ್ನ ಬೈಬೇಡ.”

ಹದಿನೆಂಟು ನಿಮಿಷದಲ್ಲಿ ಕೆಲಸ ಮುಗಿಯಿತು. ಹೊಲಿಗೆಯ ಒಂದು ಎಳೆಯೂ ಹೊರಗೆ ಕಾಣಲಿಲ್ಲ. ಹುಡುಗಿ ಚಿತ್ರ ಹಿಡಿದು ಎರಡು ಸಲ ತಾಳೆ ನೋಡಿ, ಒಳಗೆ ಹೋಗಿ ಎಂದು ಕೈ ತೋರಿಸಿದಳು. ತಪ್ಪು ಮಾಡುವ ಕೈಗೆ ತಿದ್ದುವುದೂ ಗೊತ್ತಿರಬೇಕು ಎಂದುಕೊಂಡು ಅಕ್ಕ ಮೊದಲ ಸಾಲಿನಲ್ಲಿ ಜಾಗ ಹಿಡಿದಳು.

ತಮ್ಮ ವೇದಿಕೆಗೆ ಬಂದ. ಹಿಂದಿನ ಗೋಡೆಯ ತುಂಬ ಕಪ್ತಾನನ ದೊಡ್ಡ ಚಿತ್ರ. ನಿರೂಪಕ ಪ್ರತಿ ಕಪ್ತಾನನಿಗೂ ಕೇಳುವ ಹಳೆಯ ಕೀಟಲೆಯ ಪ್ರಶ್ನೆಯನ್ನೇ ಕೇಳಿದ.

“ಕಪ್ತಾನರೇ, ನಿಮ್ಮ ಕೋಟು ಯಾಕೆ ಉಲ್ಟಾ? ಚಿತ್ರ ಬರೆದವರು ಎಡವಿದ್ರಾ?”

ಸಭೆ ನಕ್ಕಿತು. ಇವನು ಮಾತು ಬಾರದೆ ಇಳಿದು ಬಂದುಬಿಡುತ್ತಾನೆ ಎಂದು ಅಕ್ಕ ಅಂದುಕೊಂಡಳು. ತಮ್ಮ ಮೈಕು ಇಸಿದುಕೊಂಡ.

“ಎಡವಿಲ್ಲ. ಚಿಕ್ಕೋನಿದ್ದಾಗ ನನಗೂ ಇಂಥದೇ ಕೋಟಿತ್ತು. ನಮ್ಮಕ್ಕ ಚಳೀಲಿ ತಾನು ಕೋಟಿಲ್ದೆ ಓಡಾಡಿ, ತನ್ನ ಕೋಟನ್ನ ನನಗೆ ಹೊಲ್ಕೊಟ್ಟಿದ್ಲು. ಸ್ಕೂಲಲ್ಲಿ ಎಲ್ರೂ ನಕ್ಕರು. ಅದೇ ವಾರ ಈ ಪುಸ್ತಕ ಕೈಗೆ ಸಿಕ್ತು. ನೋಡ್ತೀನಿ, ಕಪ್ತಾನನ ಕೋಟೂ ನನ್ನ ಥರಾನೇ! ಅವತ್ತೇ ಗೊತ್ತಾಯ್ತು, ಇವನಿಗೂ ಒಬ್ಬಳು ಅಕ್ಕ ಇದಾಳೆ ಅಂತ. ಮಾರನೇ ದಿನ ಅದೇ ಕೋಟು ಹಾಕ್ಕೊಂಡು ಎದೆ ಸೆಟೆಸ್ಕೊಂಡು ಸ್ಕೂಲಿಗೆ ಹೋದೆ.”

ಎದ್ದ ಚಪ್ಪಾಳೆಗೆ ಛಾವಣಿ ಹಾರಿಹೋಗಬೇಕಿತ್ತು. ಅಕ್ಕನ ಕಣ್ಣಿಂದ ನೀರು ದಳದಳ ಇಳಿಯಿತು, ಅವಳು ಒರೆಸಿಕೊಳ್ಳಲೂ ಇಲ್ಲ. ತಾನು ಇಪ್ಪತ್ತಾರು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗಿದ್ದ ನೋವು ಅವನಿಗೆ ಅಂದೇ ಮಾಯ್ದಿತ್ತು.

ಪಕ್ಕದಲ್ಲಿ ಕೂತಿದ್ದ ಕೊಂಬಿನವನು ಅವಳ ಕಡೆ ಬಗ್ಗಿದ.

“ಅಲ್ಲಾ ಮೇಡಂ, ಕಪ್ತಾನಂದು ನಿಜವಾಗ್ಲೂ ಅವನ ಅಕ್ಕನ ಕೋಟೇ ಇರಬಹುದಾ?”

ಅಕ್ಕ ಗೋಡೆಯ ಮೇಲಿನ ಚಿತ್ರವನ್ನು ಹೆಗಲಿನಿಂದ ಅಂಚಿನವರೆಗೆ ಒಮ್ಮೆ ಅಳೆದು ನೋಡಿದಳು.

“ಇರಬಹುದು ಏನು ಬಂತು? ಅಕ್ಕಂದೇ. ಹೊಲಿಯೋರನ್ನ ಕೇಳಿ, ಹೇಳ್ತಾರೆ.”